ಪುಟ್ಟೊ, ಉಯ್ಯಾಲೆ ಮತ್ತು ನನ್ನ ಶೂ

ಸರಿ, ಈ ಕ್ಲಿಪ್‌ನಲ್ಲಿರುವುದು ಲಂಡನ್ನಿನ ವ್ಯಾಲೇಸ್ ಕಲೆಕ್ಷನ್ ಅನ್ನೋ ಕಲಾ ಮ್ಯೂಸಿಯಂ. ಟಿಕೆಟ್ ಇಲ್ಲ, ಅದಕ್ಕೇ ಮೊದಲು ಇಲ್ಲಿಗೆ ಬಂದೆ, ಸುಳ್ಳು ಯಾಕೆ ಹೇಳಲಿ. ಮೆಟ್ಟಿಲ ಹತ್ತಿರ ಕಾಣುತ್ತಿರುವ ಎರಡು ಭಾರಿ ಚಿತ್ರ ಫ್ರೆಂಚ್ ಚಿತ್ರಕಾರ ಬೂಶೆಯದು, 1752-53ರದ್ದು. ಒಂದರಲ್ಲಿ ಸೂರ್ಯ ಹುಟ್ಟುತ್ತಾನೆ, ಇನ್ನೊಂದರಲ್ಲಿ ಮುಳುಗುತ್ತಾನೆ, ಎರಡರಲ್ಲೂ ಗುಂಡು ಗುಂಡು ಬೆತ್ತಲೆ ಮಕ್ಕಳು.

ಇಂಥ ಮಗುವಿಗೆ ಇಟಾಲಿಯನ್‌ನಲ್ಲಿ ಪುಟ್ಟೊ ಅನ್ನುತ್ತಾರೆ. ನಮ್ಮ ಪುಟ್ಟನೇ! ಆದರೆ ಬಹುವಚನ ಪುಟ್ಟಿ, ಅಲ್ಲಿ ನಮಗೆ ಗೊಂದಲ. ನನಗಂತೂ ಇವರು ಸೇರುವುದಿಲ್ಲ. ಮದುವೆ ಛತ್ರದಲ್ಲಿ ಬಡಿಸುವವರ ಕಾಲಿಗೆ ಸಿಗುವ ಮಕ್ಕಳ ಥರ, ಎಲ್ಲಿ ನೋಡಿದರೂ ಒಂದು. ಫ್ರೆಂಚ್ ಲೇಖಕ, ಕಲಾವಿಮರ್ಶಕ ದಿದೆರೋ 1765ರಲ್ಲೇ ಬೂಶೆಯ ಮಕ್ಕಳನ್ನು ಬೈದಿದ್ದ. ಇಷ್ಟೊಂದು ಜನ ಇದ್ದಾರೆ, ಒಬ್ಬನೂ ಓದಲ್ಲ, ಬರೆಯಲ್ಲ ಅಂತ. ಪಕ್ಕಾ ನಮ್ಮ ತಾತ. ಎರಡು ವರ್ಷ ಬಿಟ್ಟು ಫ್ರಾಗೊನಾರ್ ಅನ್ನೋ ಇನ್ನೊಬ್ಬ ಚಿತ್ರಕಾರ ಆಕಾಶದ ತುಂಬಾ ಮಕ್ಕಳನ್ನು ಬರೆದಾಗ, ದಿದೆರೋ ಅದನ್ನು ಮಕ್ಕಳ ಆಮ್ಲೆಟ್ ಅಂದುಬಿಟ್ಟ! ಅದು ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ, ಇಲ್ಲಿ ತೋರಿಸೋಕೆ ಆಗಲ್ಲ.

ಇಲ್ಲಿ ಕ್ಯಾಮೆರಾ ಅಲುಗಾಡಿತಲ್ಲ, ಅದು ನನ್ನ ಶೂ. ಹೊರಡುವ ಹಿಂದಿನ ದಿನ ತಗೊಂಡಿದ್ದು. ಮಳೆಯಲ್ಲಿ ಹತ್ತು ನಿಮಿಷ ನಡೆದಿದ್ದಷ್ಟೇ, ಬಲಗಾಲಿನ ಸೋಲ್ ಮೊಸಳೆ ಥರ ಬಾಯಿ ಬಿಟ್ಟಿತು. "ವಾಟರ್‌ಪ್ರೂಫಾ?" ಅಂತ ಎರಡು ಸಲ ಕೇಳಿದ್ದೆ, ಅಂಗಡಿಯವನು ಎರಡು ಸಲವೂ ತಲೆಯಾಡಿಸಿದ್ದ, ಈಗ ಯೋಚಿಸಿದರೆ ಅಡ್ಡಡ್ಡ ಆಡಿಸಿದ್ದನೋ ಏನೋ. ತಲೆಯ ರಬ್ಬರ್ ಬ್ಯಾಂಡ್ ಬಿಚ್ಚಿ ಶೂಗೆ ಸುತ್ತಿದೆ. ನಾಲ್ಕು ಹೆಜ್ಜೆಗೆ ಅದೂ ಜಾರಿತು. ಆಮೇಲೆ ಮರದ ನೆಲದ ಮೇಲೆ ಟಪ್, ಟಪ್, ಟಪ್. ಆ ಮೂಲೆಯಲ್ಲಿರುವ ಗಾರ್ಡ್ ಚಿತ್ರ ಬಿಟ್ಟು ನನ್ನ ಕಾಲನ್ನೇ ಕಾಯುತ್ತಿದ್ದರು.

ಹಾಂ, ಬಂತು, ಫ್ರಾಗೊನಾರನ ಉಯ್ಯಾಲೆ! 1767ರ ಸುಮಾರಿನದು. ಎತ್ತರ 81 ಸೆಂಟಿಮೀಟರ್ ಅಷ್ಟೇ, ಇಷ್ಟು ಚಿಕ್ಕದು ಅಂದುಕೊಂಡಿರಲಿಲ್ಲ. ಹಿಂದೆ ವಯಸ್ಸಾದವನು ಹಗ್ಗ ಜಗ್ಗುತ್ತಾನೆ, ಪೊದೆಯಲ್ಲಿ ಪ್ರಿಯಕರ ಬಿದ್ದುಕೊಂಡಿದ್ದಾನೆ, ಉಯ್ಯಾಲೆ ಮೇಲಿರುವ ಇವಳು ಅವನ ಕಡೆ ಚಪ್ಪಲಿ ಹಾರಿಸಿದ್ದಾಳೆ. ಅವಳದು ಬೇಕಂತಲೇ ಬಿಚ್ಚಿದ್ದು, ನನ್ನದು ತಾನಾಗೇ.

ಚಿತ್ರದ ಎಡಗಡೆ ಆ ಕಲ್ಲಿನ ಪುಟ್ಟನನ್ನು ನೋಡಿ. ಶಿಲ್ಪಿ ಫಾಲ್ಕೊನೆ 1757ರಲ್ಲಿ ಪ್ರದರ್ಶನಕ್ಕಿಟ್ಟ ಕ್ಯುಪಿಡ್, ಅಂದರೆ ನಮ್ಮ ಮನ್ಮಥನ ಥರದ ಪ್ರೇಮದೇವರು ಇವನು. ತುಟಿ ಮೇಲೆ ಬೆರಳು. ಶ್! ಸೇರಲ್ಲ ಅಂದೆನಲ್ಲ, ಇವನೊಬ್ಬನ ಮಟ್ಟಿಗೆ ವಾಪಸ್ ತಗೊಂಡೆ. ಇವನಿಗೆ ಕೆಲಸ ಇದೆ, ಗುಟ್ಟು ಕಾಯಬೇಕು. ಆದರೆ ಬಲಗಡೆ ಕೆಳಗೆ ಪುಟಾಣಿ ಬಿಳಿ ನಾಯಿ ಬೊಗಳುತ್ತಲೇ ಇದೆ. ಅದಕ್ಕೆ ಹೇಳುತ್ತಿದ್ದಾನೋ, ನನ್ನ ಶೂಗೋ...

ಅಯ್ಯೋ, ಕ್ಲಿಪ್ ಮುಗೀತು. ಬನ್ನಿ ಬನ್ನಿ, ಮೊದಲು ಎಲ್ಲಾದರೂ ಗಮ್ ಸಿಗುತ್ತಾ ನೋಡೋಣ.