ಅವಿಭಾಜ್ಯದ ವೇಷ ಹಾಕಿದ 4294967297

429 ಕೋಟಿ 49 ಲಕ್ಷ 67 ಸಾವಿರದ 297. ದೊಡ್ಡ ಸಂಖ್ಯೆಗಳ ಬಗ್ಗೆ ಹುಡುಕಿದರೆ ಸಾಮಾನ್ಯವಾಗಿ ಸಿಗೋದು ಒಂದು ಪಟ್ಟಿ: ಬೆಸ ಸಂಖ್ಯೆ, ಹತ್ತು ಅಂಕಿ, ಅಂಕಿಗಳ ಮೊತ್ತ 59. ಇದರಲ್ಲಿ ಅರ್ಧ ಕಸ ಅಂತ ನನ್ನ ತಕರಾರು. ಇದೇ ಸಂಖ್ಯೆಯನ್ನ ದ್ವಿಮಾನದಲ್ಲಿ ಬರೆಯಿರಿ: ಒಂದು 1, ಆಮೇಲೆ 31 ಸೊನ್ನೆ, ಕೊನೆಗೆ ಇನ್ನೊಂದು 1. ಮೊತ್ತ ಎರಡೇ! 59 ಎಲ್ಲಿಂದ ಬಂತು? ನಾವು ಹತ್ತರ ಲೆಕ್ಕದಲ್ಲಿ ಬರೆದದ್ದರಿಂದ, ಅಷ್ಟೇ. ಸಂಖ್ಯೆಯನ್ನ ಒಡೆಯೋಕೆ ನೆರವಾಗೋ ವರ್ಗೀಕರಣ ಯಾವುದು, ಅದನ್ನ ಹೇಳಿ.

ಇದು 2ರ 32ನೇ ಘಾತಕ್ಕೆ ಒಂದು ಕೂಡಿಸಿದ್ದು, ಅಂದರೆ ಫರ್ಮಾ ಸಂಖ್ಯೆ (ಇವುಗಳಲ್ಲಿ ಘಾತ 1, 2, 4, 8, 16, 32 ಹೀಗೆ ದುಪ್ಪಟ್ಟಾಗುತ್ತಾ ಹೋಗುತ್ತೆ). ಇದಕ್ಕಿಂತ ಹಿಂದಿನ ಐದು, 3, 5, 17, 257, 65537, ಎಲ್ಲವೂ ಅವಿಭಾಜ್ಯ. ಮುಂದಿನವೂ ಹಾಗೇ ಅಂತ 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಇದನ್ನ ಒಡೆದ: 641 × 6700417.

ಕಣ್ಣು ಮುಚ್ಚಿ ಭಾಗಿಸುತ್ತಾ ಹೋಗೋ ಕೆಲಸ ಅಲ್ಲ ಇದು. ಇದರ ಯಾವುದೇ ಅವಿಭಾಜ್ಯ ಅಪವರ್ತನವನ್ನ 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಹಾಗಾದರೆ ನೋಡಬೇಕಾದ್ದು 193, 257, 449, 577, 641. ಐದನೇದಕ್ಕೇ ಸಿಕ್ಕಿತು. ಗಣಿತಜ್ಞ ಲೂಕಾ ಆಮೇಲೆ ಆ 64ನ್ನ 128 ಮಾಡಿದ. ಆಗ 641ರವರೆಗೆ ಉಳಿಯೋದು 257 ಮತ್ತು 641 ಮಾತ್ರ. ಎರಡು ಫರ್ಮಾ ಸಂಖ್ಯೆಗಳಿಗೆ ಸಾಮಾನ್ಯ ಅಪವರ್ತನ ಇರೋದಿಲ್ಲ, ಹಾಗಾಗಿ 257 ಕೂಡ ಔಟ್. ಒಂದೇ ಒಂದು ಭಾಗಾಕಾರ ಸಾಕು.

ಕೋಡ್ ಬರೆಯೋರು ಎಡವೋದು ಇಲ್ಲಿ. 2ನ್ನ ಆಧಾರ ಮಾಡಿ ಫರ್ಮಾ ಪರೀಕ್ಷೆ (ಸಂಖ್ಯೆ ಅವಿಭಾಜ್ಯವಾದರೆ, ಅದಕ್ಕಿಂತ ಒಂದು ಕಡಿಮೆ ಘಾತಕ್ಕೆ 2ನ್ನ ಏರಿಸಿ ಅದೇ ಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಬರಬೇಕು) ನಡೆಸಿದರೆ ಈ ಸಂಖ್ಯೆ ಸಲೀಸಾಗಿ ಪಾಸಾಗುತ್ತೆ. ಯಾಕಂದ್ರೆ 2ರ 32ನೇ ಘಾತದ ಶೇಷ ಇಲ್ಲಿ ಮೈನಸ್ ಒಂದು, ಅದನ್ನ ವರ್ಗ ಮಾಡಿದರೆ 1, ಆಮೇಲೆ ಎಷ್ಟು ಸಲ ವರ್ಗ ಮಾಡಿದರೂ 1. ಇದು ಪ್ರಬಲ ಹುಸಿ ಅವಿಭಾಜ್ಯ, ಅಂದರೆ ಇನ್ನೂ ಕಟ್ಟುನಿಟ್ಟಾದ ಮಿಲ್ಲರ್–ರಾಬಿನ್ ಪರೀಕ್ಷೆಯೂ ಆಧಾರ 2ರಲ್ಲಿ ಮೋಸ ಹೋಗುತ್ತೆ. ಆಧಾರ 3 ತಗೊಳ್ಳಿ, ಬಣ್ಣ ಬಯಲಾಗುತ್ತೆ. ಇನ್ನೊಂದು ತಮಾಷೆ: ಕಂಪ್ಯೂಟರ್‌ನಲ್ಲಿ 64 ಬಿಟ್‌ನ ಚಿಹ್ನೆರಹಿತ ಪೂರ್ಣಾಂಕದಲ್ಲಿ (2ರ 64ನೇ ಘಾತ ಮುಟ್ಟಿದರೆ ಮತ್ತೆ ಸೊನ್ನೆಯಿಂದ ಎಣಿಸೋ ಜಾಗ) ಲೆಕ್ಕ ಹಾಕಿದರೆ 4294967296ರ ವರ್ಗ ಹಿಡಿಸದೆ ಸೊನ್ನೆಯಾಗುತ್ತೆ. ಆಗ ಫರ್ಮಾ ಪರೀಕ್ಷೆ "ಅವಿಭಾಜ್ಯ ಅಲ್ಲ" ಅನ್ನುತ್ತೆ. ಉತ್ತರ ಸರಿ, ದಾರಿ ಪೂರ್ತಿ ತಪ್ಪು! 32 ಬಿಟ್‌ನಲ್ಲಂತೂ ಸಂಖ್ಯೆಯೇ 1 ಆಗಿ ಕೂತುಬಿಡುತ್ತೆ.

ನನಗೆ ತುಂಬಾ ಇಷ್ಟವಾದ ವರ್ಗೀಕರಣ ಬೇರೆ: ಇದು ಎರಡು ವರ್ಗಗಳ ಮೊತ್ತ, ಅದೂ ಎರಡು ರೀತಿಯಲ್ಲಿ. 65536ರ ವರ್ಗಕ್ಕೆ 1ರ ವರ್ಗ ಕೂಡಿಸಿದರೂ ಬರುತ್ತೆ, 62264ರ ವರ್ಗಕ್ಕೆ 20449ರ ವರ್ಗ ಕೂಡಿಸಿದರೂ ಬರುತ್ತೆ. (20449 ತಾನೇ 143ರ ವರ್ಗ, ಅದು ಬೇರೆ ಮಾತು.) ಅವಿಭಾಜ್ಯಕ್ಕೆ ಇಂಥ ದಾರಿ ಒಂದಕ್ಕಿಂತ ಹೆಚ್ಚು ಇರೋಕೆ ಸಾಧ್ಯವಿಲ್ಲ. ಈಗ 65536ನ್ನ 20449ರಿಂದ ಗುಣಿಸಿ, 62264 ಕಳೆಯಿರಿ. 1340083400 ಬರುತ್ತೆ. ಇದಕ್ಕೂ 4294967297ಕ್ಕೂ ಒಂದು ಸಾಮಾನ್ಯ ಅಪವರ್ತನ ಇದೆ. ಅದನ್ನ 200ರಿಂದ ಭಾಗಿಸಿ ನೋಡಿ: 6700417, ಆಯ್ಲರ್‌ಗೆ ಸಿಕ್ಕ ಅದೇ ಅಪವರ್ತನ.