ಪೊಲೀಸ್‌ಗಾ, ತಲೆಗಾ?

ಕೇಳುಗರೇ, ನಮಸ್ಕಾರ.

ಮೊನ್ನೆ ನನ್ನ ಹೆಲ್ಮೆಟ್ಟಿನ ಪಟ್ಟಿ ಕಿತ್ತುಹೋಯಿತು. ಫುಟ್‌ಪಾತಿನಲ್ಲಿ ಹೆಲ್ಮೆಟ್ ಸಾಲಾಗಿ ಜೋಡಿಸಿಕೊಂಡಿದ್ದ ಹುಡುಗನ ಮುಂದೆ ಗಾಡಿ ನಿಲ್ಲಿಸಿದೆ. ಅವನು ಕೇಳಿದ್ದು ಒಂದೇ ಮಾತು. "ಸಾರ್, ಪೊಲೀಸ್‌ಗಾ, ತಲೆಗಾ?"

ಪೊಲೀಸ್‌ಗಾದರೆ 250, ತಲೆಗಾದರೆ 1,100. 250ರದ್ದನ್ನು ತಿರುಗಿಸಿ ನೋಡಿದೆ. ಒಳಗೆ ಗಟ್ಟಿ ಥರ್ಮೋಕೋಲೇ ಇಲ್ಲ, ಬೆರಳು ಒತ್ತಿದರೆ ಕುಸಿಯುವ ಸ್ಪಂಜು ಅಷ್ಟೇ. 2021ರ ಜೂನ್‌ನಿಂದ ಐಎಸ್ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ ಅಲ್ವಾ, ಅದಕ್ಕೇ ಇದರ ಮೇಲೂ ಐಎಸ್ಐ ಸ್ಟಿಕ್ಕರ್ ಇತ್ತು, ಉಗುರಲ್ಲಿ ಕೆರೆದರೆ ಎದ್ದು ಬರುವಂಥದ್ದು.

ಈ ಹುಡುಗನ ಪ್ರಶ್ನೆಯ ಹತ್ತಿರದ್ದೇ ಒಂದು ಪ್ರಶ್ನೆಯನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1968ರಲ್ಲೇ ಎತ್ತಿದ್ದರು. ನಿಮ್ಮ ಜೀವಕ್ಕೆ ಎಷ್ಟು ಬೆಲೆ ಅಂತ ಕೇಳಿದರೆ ಯಾರು ತಾನೇ ಹೇಳುತ್ತಾರೆ? ಸಾಯುವ ಅಪಾಯ ಒಂಚೂರು ಕಡಿಮೆಯಾಗಲು ಎಷ್ಟು ಕೊಡುತ್ತೀರಿ ಅಂತ ಕೇಳಬಹುದು. ಹತ್ತು ಸಾವಿರ ಜನರಲ್ಲಿ ಒಬ್ಬರ ಸಾವು ತಪ್ಪುತ್ತದೆ ಅಂದುಕೊಳ್ಳಿ, ಯಾರದ್ದು ಅಂತ ಗೊತ್ತಿಲ್ಲ. ಅದಕ್ಕೆ ತಲಾ 300 ರೂಪಾಯಿ ಕೊಡಲು ಎಲ್ಲರೂ ಒಪ್ಪಿದರೆ, ಒಂದು ಜೀವಕ್ಕೆ 30 ಲಕ್ಷ ಅಂತ ಲೆಕ್ಕ.

ಹಾಗಾದರೆ 250 ಕೊಟ್ಟವನಿಗೆ ಜೀವ ಅಗ್ಗವಾ? ನನಗೆ ಹಾಗನಿಸುವುದಿಲ್ಲ. ಅವನು ಕೊಂಡ ಸರಕೇ ಬೇರೆ. ನಮ್ಮ ರಾಜ್ಯದಲ್ಲಿ ಹೆಲ್ಮೆಟ್ ಇಲ್ಲದಿದ್ದರೆ ದಂಡ 500 ರೂಪಾಯಿ, ಆ ದಂಡ ಸಿಗ್ನಲ್ ಪಕ್ಕದಲ್ಲೇ ಬಿಳಿ ಅಂಗಿ ಹಾಕಿಕೊಂಡು ನಿಂತಿರುತ್ತದೆ. ಸಾವು ಹಾಗೆ ಕಣ್ಣಿಗೆ ಕಾಣುವಂತೆ ನಿಲ್ಲುವುದಿಲ್ಲ. ಮೊಣಕೈಯಲ್ಲಿ ನೇತಾಡುತ್ತಿದ್ದ ಹೆಲ್ಮೆಟ್ಟು ಸರ್ಕಲ್ ಬಂದಾಗ ತಲೆಗೇರಿ, ದಾಟಿದ ಮೇಲೆ ಮತ್ತೆ ಮೊಣಕೈಗೆ ಇಳಿಯುವುದನ್ನು ನೀವೂ ನೋಡಿರುತ್ತೀರಿ. ಪಟ್ಟಿ ಕಟ್ಟುವವರಂತೂ ಇನ್ನೂ ಕಮ್ಮಿ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಸುಮಾರು 50 ಸಾವಿರ ಮಂದಿಯ ತಲೆ ಮೇಲೆ ಹೆಲ್ಮೆಟ್ ಇರಲಿಲ್ಲ. ಆ 50 ಸಾವಿರದಲ್ಲಿ 14 ಸಾವಿರಕ್ಕೂ ಜಾಸ್ತಿ ಜನ ಹಿಂದಿನ ಸೀಟಿನವರು.

ನನ್ನ ಹಿಂದೆ ಅವತ್ತು ಮಗಳು ಕೂತಿದ್ದಳು. ಅವಳ ಹೆಲ್ಮೆಟ್ಟೂ ಹಳೆಯದು. "ಇವಳಿಗೆ ತಲೆಗೇ ಕೊಡಪ್ಪಾ" ಅಂದೆ, 1,100 ಎಣಿಸಿ ಕೊಟ್ಟೆ.

"ನಿಮಗೆ, ಸಾರ್?" ಅಂದ.

ನಾನು ಚೌಕಾಸಿಗೆ ನಿಂತೆ.