ಮೋಸ ರಾಜಂದು, ಬೆಂಕಿ ಬಿದ್ದಿದ್ದು ಊರಿಗೆ: ಇನ್ವರ್ನೆಸ್ ಕಥೆ

ನಮಸ್ಕಾರ. ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ನಲ್ಲಿ, ಅಂದ್ರೆ ಉತ್ತರದ ಬೆಟ್ಟಗಾಡಲ್ಲಿ, ಕುಲ ಕುಲಗಳು ಬಡಿದಾಡಿದ್ದು ನಿಮಗೆ ಗೊತ್ತು. ಒಂದು ಕುಲ ಇಡೀ ಪೇಟೆ ಮೇಲೆ ಹಗೆ ಸಾಧಿಸಿದ್ದು ಇದೆಯಾ ಅಂತ ಕೇಳಿದ್ರಿ. ಇದೆ. ಡೊನಾಲ್ಡ್ ಕುಲ, ಇನ್ವರ್ನೆಸ್ ಪೇಟೆ.

(ಪರದೆ ಮೇಲೆ ನಕ್ಷೆ)

ಹಿನ್ನೆಲೆ ಬೇಗ ಮುಗಿಸ್ತೀನಿ. ಪಶ್ಚಿಮದ ದ್ವೀಪಗಳು ಈ ಕುಲದ ಕೈಯಲ್ಲಿ. ನಾಯಕನಿಗೆ ‘ದ್ವೀಪಗಳ ಒಡೆಯ’ ಅಂತಲೇ ಬಿರುದು. ಪೂರ್ವದಲ್ಲಿ, ನೆಸ್ ನದಿ ಕಡಲು ಸೇರೋ ಕಡೆ ಇನ್ವರ್ನೆಸ್. ಅಲ್ಲಿ ರಾಜನ ಕೋಟೆ, ರಾಜನ ಸನ್ನದು ಪಡೆದ ವ್ಯಾಪಾರಿಗಳು. ರಾಸ್ ಸೀಮೆ ತನ್ನ ಹೆಂಡತಿ ಮರಿಯೋಟಾಗೆ ಸೇರಬೇಕು ಅಂತ ಒಡೆಯ ಡೊನಾಲ್ಡ್ 1411ರಲ್ಲಿ ದಂಡು ತಂದ. ಹಾರ್ಲಾ ಯುದ್ಧಕ್ಕೆ ಹೋಗೋ ದಾರಿಯಲ್ಲೇ ಇನ್ವರ್ನೆಸ್‌ಗೆ ಬೆಂಕಿ ಇಟ್ಟ.

ನನ್ನನ್ನ ಹಿಡಿದಿಟ್ಟಿರೋದು ಇದರ ಮುಂದಿನ ಭಾಗ. 1428. ರಾಜ ಒಂದನೇ ಜೇಮ್ಸ್ ಇನ್ವರ್ನೆಸ್‌ನಲ್ಲಿ ಸಭೆ ಕರೀತಾನೆ. ಹೈಲ್ಯಾಂಡ್ಸ್ ನಾಯಕರು ರಾಜನ ಮಾತು ನಂಬಿ ಬರ್ತಾರೆ. ಬಂದವರಲ್ಲಿ ಸುಮಾರು 50 ಜನರನ್ನ ರಾಜ ಸೆರೆ ಹಿಡಿಸ್ತಾನೆ. ಊಟಕ್ಕೆ ಕರೆದು ಹೊರಗಿಂದ ಚಿಲಕ ಹಾಕಿದ ಹಾಗೆ! ಕೆಲವರ ತಲೆಯೇ ಹೋಯ್ತು. ಡೊನಾಲ್ಡನ ಮಗ ಅಲೆಕ್ಸಾಂಡರ್ ಸಿಕ್ಕಿಬಿದ್ದ. ಅವನ ತಾಯಿ ಮರಿಯೋಟಾಳನ್ನೂ ಬಿಡಲಿಲ್ಲ.

ಬಿಡುಗಡೆಯಾದ ಅಲೆಕ್ಸಾಂಡರ್ 1429ರಲ್ಲಿ ಅದೇ ಊರಿಗೆ ದಂಡು ಸಮೇತ ಬಂದ. ಕೋಟೆಗೆ ಮುತ್ತಿಗೆ ಹಾಕಿದ, ಅದು ಬಗ್ಗಲಿಲ್ಲ. ಪೇಟೆ ಸುಟ್ಟ. ಇದನ್ನ ಶೌರ್ಯದ ಕಥೆ ಅಂತ ಹೇಳೋರಿದ್ದಾರೆ, ನಾನು ಖಂಡಿತ ಒಪ್ಪಲ್ಲ. ಮೋಸ ಮಾಡಿದ್ದು ರಾಜ. ಬೀದಿಗೆ ಬಿದ್ದಿದ್ದು ಚರ್ಮ, ಉಣ್ಣೆ, ಸಾಲ್ಮನ್ ಮೀನು ಮಾರಿ ಬದುಕ್ತಿದ್ದ ಜನ. ಕಲ್ಲಿನ ಗೋಡೆ ಹಿಂದೆ ಇದ್ದವರಿಗೆ ಏನೂ ಆಗಲಿಲ್ಲ.

ಮುಂದಿನದು ಚುಟುಕಾಗಿ. ಹೈಲ್ಯಾಂಡ್ಸ್‌ನ ಪಶ್ಚಿಮದ ಲೋಕಾಬರ್ ಸೀಮೆಯಲ್ಲಿ ರಾಜನ ಸೈನ್ಯ ಎದುರಾದಾಗ ಕ್ಯಾಮೆರಾನ್, ಚಾಟನ್ ಕುಲದವರು ಅಲೆಕ್ಸಾಂಡರನ ಕೈಬಿಟ್ಟು ರಾಜನ ಕಡೆ ಹೋದರು. ಸೋತವನು ಎಡಿನ್‌ಬರೋದ ಹಾಲಿರೂಡ್‌ನಲ್ಲಿ, ಬರೀ ಒಳಂಗಿಯಲ್ಲಿ, ತನ್ನ ಕತ್ತಿಯ ಮೊನೆ ತಾನೇ ಹಿಡಿದು ರಾಜನಿಗೆ ಶರಣಾದ. ರಾಣಿ ಬೇಡಿಕೊಂಡಿದ್ದಕ್ಕೆ ಜೀವ ಉಳೀತು, ಟಾಂಟಲನ್ ಕೋಟೆಯಲ್ಲಿ ಸೆರೆಯಾಯ್ತು. 1431ರಲ್ಲಿ ಅವನ ಕಡೆಯವರು ಇನ್ವರ್ಲಾಕಿಯಲ್ಲಿ ರಾಜನ ಸೈನ್ಯವನ್ನ ಸೋಲಿಸಿದ ಮೇಲೆ ಅವನೂ ಹೊರಬಂದ. 1437ರಲ್ಲಿ ಜೇಮ್ಸ್ ಕೊಲೆಯಾದ. ಆಮೇಲೆ ಅಲೆಕ್ಸಾಂಡರ್ ರಾಸ್ ಸೀಮೆಯ ಅರ್ಲ್, ಅಂದ್ರೆ ಆ ಸೀಮೆಯ ಒಡೆಯ, ಆದ, ಜೊತೆಗೆ ಫೋರ್ತ್ ನದಿಯ ಉತ್ತರಕ್ಕೆಲ್ಲ ರಾಜ್ಯದ ಮುಖ್ಯ ನ್ಯಾಯಾಧೀಶನೂ ಆದ. ಇನ್ವರ್ನೆಸ್ ಇರೋದೂ ಫೋರ್ತ್‌ನ ಉತ್ತರಕ್ಕೇ!

ದ್ವೀಪಗಳ ಒಡೆತನವನ್ನ ಆಗಿನ ರಾಜ ನಾಲ್ಕನೇ ಜೇಮ್ಸ್ 1493ರಲ್ಲಿ ಕಿತ್ತುಕೊಂಡ. ಅದು ಮುಂದಿನ ವಿಡಿಯೋದಲ್ಲಿ.